ಸ್ಕೇಟ್‌ಪಾರ್ಕಿನ ಬೋರ್ಡಿಗೆ ಕನ್ನಡದಲ್ಲಿ ಏನು ಬರೆಸೋಣ?

ಮಡಗಾಂವ್‌ನಿಂದ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದೆರಡು ಪದ ಬೇಕು. ನಮ್ಮ ಕಡೆ ಚಿಕ್ಕದೊಂದು ಸ್ಕೇಟ್‌ಪಾರ್ಕ್ ಇದೆ, ಕಾಂಕ್ರೀಟಿನದು. ಕೊಂಕಣಿ, ಹಿಂದಿ, ಇಂಗ್ಲಿಷಿನಲ್ಲಿ ನಿಯಮಗಳ ಬೋರ್ಡ್ ಬರೆಸುತ್ತಿದ್ದಾರೆ. ಸಂಜೆ ಅಲ್ಲಿಗೆ ಬರುವ ಮಕ್ಕಳಲ್ಲಿ ಸುಮಾರು ಜನ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರಿಗೆ ಓದಲು ಬರುವುದು ಕನ್ನಡ ಮಾತ್ರ. ಕನ್ನಡದಲ್ಲೂ ಇರಲೇಬೇಕು ಎಂದು ಹಟ ಹಿಡಿದು ಒಪ್ಪಿಸಿದ್ದೇನೆ. ಪೇಂಟರ್ ಶನಿವಾರ ಬರುತ್ತಾನೆ.

ಬೇಕಾದದ್ದು ಇಷ್ಟು: ಮೇಲೆ ಬರೆಯುವ ಹೆಸರು, ಸ್ಕೇಟ್‌ಬೋರ್ಡಿಗೆ ಒಂದು ಪದ, ಮತ್ತೆ ಅಲ್ಲಿ ತೋಡಿ ಒಳಗೆಲ್ಲ ನುಣುಪು ಮಾಡಿರುವ ತಗ್ಗು ಇದೆಯಲ್ಲ, ಎಲ್ಲರೂ ಬೋಲ್ ಅನ್ನುತ್ತಾರೆ, ಅದಕ್ಕೊಂದು. ಯಾರೋ 'ಜಾರುಬಂಡೆ ಉದ್ಯಾನ' ಎಂದು ಬರೆದುಕೊಟ್ಟಿದ್ದಾರೆ. ಜಾರುಬಂಡೆ ಅಂದರೆ ಮಕ್ಕಳು ಕೂತು ಜಾರುವುದು ಅಲ್ವಾ?

ಪುಣೆ, ಕೋಥ್ರೂಡ್‌ನಿಂದ:

ಜಾರುಬಂಡೆ ತಪ್ಪು. ಉದ್ಯಾನವೂ ತಪ್ಪು. ಆಟದ ಬಯಲಿಗೆ ನಮ್ಮಲ್ಲಿ ಹಳೆಯ, ಚೆಂದದ ಪದವೇ ಇದೆ: ಆಡುಂಬೊಲ. ಇದರಲ್ಲಿರುವ ಪೊಲವೇ ಇವತ್ತಿನ ಹೊಲ. ಸ್ಕೇಟ್‌ಬೋರ್ಡಿಗೆ ಉರುಳುಹಲಗೆ ಅನ್ನಿ. ಒಟ್ಟಿಗೆ 'ಉರುಳುಹಲಗೆಯ ಆಡುಂಬೊಲ'. 'ಸ್ಕೇಟ್ ಅಂಗಳ' ಎಂದು ಮಾತ್ರ ದಯವಿಟ್ಟು ಯಾರೂ ಸೂಚಿಸಬೇಡಿ. ಅದು ಅರಿಸಮಾಸ, ಹೊರಗಿನ ಪದಕ್ಕೆ ಕನ್ನಡ ಪದ ಜೋಡಿಸುವ ದೋಷ. ಹೊರನಾಡಿನಲ್ಲಿ ಅರೆಬರೆ ಕನ್ನಡದ ಬೋರ್ಡ್ ನಿಲ್ಲಿಸುವುದಕ್ಕಿಂತ ಸುಮ್ಮನಿರುವುದು ಮೇಲು.

ಡೊಂಬಿವಲಿಯಿಂದ:

ಉರುಳು ಬೇಡವೇ ಬೇಡ. ಅದಕ್ಕೆ ಕುಣಿಕೆ, ನೇಣು ಎಂಬ ಅರ್ಥವೂ ಇದೆ. ಮಕ್ಕಳು ಆಡುವ ಕಡೆ ಅದನ್ನು ಬರೆಯುತ್ತಾರಾ? ಹಲಗೆ ಅಚ್ಚಗನ್ನಡ ಎಂದು ಅಷ್ಟು ಖಚಿತವಾಗಿಯೂ ಹೇಳಬೇಡಿ ರಾಯರೇ. ಸಂಸ್ಕೃತದ ಫಲಕದ ತದ್ಭವ ಅನ್ನುವವರಿದ್ದಾರೆ, ತಮಿಳಿನ ಪಲಗೈ ತೋರಿಸಿ ದ್ರಾವಿಡದ್ದೇ ಅನ್ನುವವರೂ ಇದ್ದಾರೆ. ಗಾಲಿಗೆ ಆ ತಕರಾರಿಲ್ಲ. ಹಳೆಯ ತಮಿಳಿನ ಕಾಲ್ ಎಂಬುದಕ್ಕೆ ಚಕ್ರ ಎಂಬ ಅರ್ಥ ಇತ್ತು, ನಮ್ಮ ಗಾಲಿ ಅದರ ನೆಂಟ.

ಇನ್ನು ಸ್ಕೇಟ್ ಇಂಗ್ಲಿಷರ ಸ್ವಂತ ಪದವೂ ಅಲ್ಲ. ಡಚ್ಚರ ಸ್ಖಾಟ್ಸ್ ಅದು. ಏಕವಚನ. ಕೊನೆಯ ಸಕಾರ ಬಹುವಚನದ್ದು ಎಂದುಕೊಂಡು ಇಂಗ್ಲಿಷರು ಅದನ್ನು ಕತ್ತರಿಸಿ ಸ್ಕೇಟ್ ಮಾಡಿಕೊಂಡರು. ಡಚ್ಚರಿಗೆ ಅದು ಬಂದದ್ದು ಉತ್ತರ ಫ್ರಾನ್ಸಿನ ಹಳೆಯ ನುಡಿಯಿಂದ, ಅಲ್ಲಿ ಅದರ ಅರ್ಥ ಮರಗಾಲು. ನಮ್ಮ ಮರಗಾಲು ಕುಣಿತದಲ್ಲಿ ಕಟ್ಟಿಕೊಳ್ಳುತ್ತಾರಲ್ಲ, ಅದೇ. ಆದ್ದರಿಂದ ಕಾಲು ಇಲ್ಲದ ಯಾವ ಅನುವಾದವೂ ಅರ್ಧವೇ. ಬೂಟಿಗೆ ಚಕ್ರ ಇರುವುದಕ್ಕೆ ಗಾಲಿಗಾಲು, ನಿಮ್ಮದಕ್ಕೆ ಗಾಲಿಹಲಗೆ. ನನ್ನ ಮಟ್ಟಿಗೆ ಇದು ಮುಗಿಯಿತು.

ಪುಣೆ, ವಾಕಡ್‌ನಿಂದ:

ಅಕ್ಕಾ, ನಾನು ಸ್ಕೇಟ್‌ಬೋರ್ಡ್ ಆಡುವವಳು, ಮನೆಮಾತು ಕನ್ನಡ. ಇಲ್ಲಿ ಮಾತಾಡುತ್ತಿರುವವರು ಒಮ್ಮೆ ಆಟ ನೋಡಿ ಬರಬೇಕಿತ್ತು ಅನ್ನಿಸುತ್ತಿದೆ.

ಮೊದಲನೆಯದಾಗಿ, ಬರೀ ಸ್ಕೇಟಿಂಗ್ ಅಂದರೆ ಸಾಲದು. ಪುಣೆಯಲ್ಲಾಗಲಿ ಬೆಳಗಾವಿಯಲ್ಲಾಗಲಿ ಸ್ಕೇಟಿಂಗ್ ಅಂದರೆ ಜನ ಚಕ್ರದ ಬೂಟು ಹಾಕಿಕೊಂಡು ರಿಂಕಿನಲ್ಲಿ ಸುತ್ತುವುದು ಎಂದುಕೊಳ್ಳುತ್ತಾರೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ರಿಲೇಯಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಕಂಚು ತಂದದ್ದು ಆ ಬೂಟಿನ ಮೇಲೆ. ಪುಣೆಯ ಶ್ರದ್ಧಾ ಗಾಯಕ್ವಾಡ್ 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಬೋರ್ಡಿನ ಮೇಲೆ. ಎರಡೂ ಬೇರೆ ಆಟ, ಬೇರೆ ಜನ. ಚಕ್ರದ ಬೂಟು ತೊಟ್ಟ ಪುಟ್ಟ ಮಗು ಗೊತ್ತಿಲ್ಲದೆ ಬೋಲ್ ಅಂಚಿಗೆ ಬಂದು ನಿಂತರೆ ಏನಾಗುತ್ತದೆ ಎಂದು ಯೋಚಿಸಿ. ಬೋರ್ಡ್ ಎಂಬ ಮಾತು ಇರಲೇಬೇಕು.

ಜಾರು ಯಾಕೆ ಆಗುವುದಿಲ್ಲ ಅಂದರೆ, ಈ ಆಟದಲ್ಲಿ ಜಾರುವುದು ಬೇರೆಯೇ ಒಂದು ಪಟ್ಟು. ಬೋರ್ಡಿನ ಹೊಟ್ಟೆಯನ್ನು ಕಬ್ಬಿಣದ ರೇಲಿಂಗಿನ ಮೇಲೆ ಇಟ್ಟು ಸಾಗಿದರೆ ಅದು ಸ್ಲೈಡ್, ನಿಜವಾಗಿ ಜಾರುವುದು ಅಲ್ಲಿ. ಚಕ್ರ ಕೂರಿಸಿದ ಲೋಹದ ಅಚ್ಚು ಅಂಚಿಗೆ ಉಜ್ಜಿಕೊಂಡು ಹೋದರೆ ಅದು ಗ್ರೈಂಡ್. ಮಿಕ್ಕ ಹೊತ್ತೆಲ್ಲ ಗಾಲಿ ಉರುಳುತ್ತಿರುತ್ತದೆ, ಅಷ್ಟೇ. ಮೇಲಾಗಿ ನಿಯಮಗಳ ಬೋರ್ಡಿನಲ್ಲಿ ಜಾರು ಎಂದು ಕಂಡರೆ ನೆಲ ಒದ್ದೆ ಇದೆ, ಹುಷಾರು ಎಂದೇ ಓದಿಕೊಳ್ಳುತ್ತಾರೆ.

ಪಾರ್ಕ್ ಕೂಡ ಅನುವಾದ ಮಾಡಬೇಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿದಾಗ ಎರಡು ವಿಭಾಗ ಇದ್ದವು. ಒಂದು ಸ್ಟ್ರೀಟ್, ಇನ್ನೊಂದರ ಹೆಸರೇ ಪಾರ್ಕ್. ಉದ್ಯಾನ ಅಂದರೆ ಜನ ಹುಲ್ಲು, ಉಯ್ಯಾಲೆ ಹುಡುಕಿಕೊಂಡು ಬರುತ್ತಾರೆ. ಬೋಲ್ ಹುಟ್ಟಿದ ಕಥೆಯೂ ಹೀಗೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರ ಬಿದ್ದು ಮನೆಗಳ ಈಜುಕೊಳಗಳು ಖಾಲಿಯಾದವು. ಅವುಗಳ ತಳ, ಗೋಡೆ ಕೂಡುವ ಕಡೆ ದುಂಡಗಿದ್ದವು, ಹುಡುಗರು ಬೋರ್ಡ್ ಹಿಡಿದು ಅದರೊಳಗೆ ಇಳಿದರು. ಇವತ್ತು ಕಟ್ಟುವ ಬೋಲ್‌ಗಳೆಲ್ಲ ಅದೇ ಆಕಾರದವು.

ಕ್ರಿಯಾಪದಕ್ಕೆ ಮಾತ್ರ ಯಾರ ಹತ್ತಿರವೂ ಕೈಚಾಚಬೇಕಿಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಬೋಲ್‌ಗೆ ಇಳಿಯುವುದನ್ನು ಪೂರ್ತಿ ಕನ್ನಡದಲ್ಲೇ ಹೇಳಿಕೊಟ್ಟೆ. ಬೋರ್ಡಿನ ಬಾಲವನ್ನು ಅಂಚಿನ ಮೇಲೆ ಹಿಂದಿನ ಕಾಲಲ್ಲಿ ಒತ್ತಿ ಹಿಡಿ. ಮೂತಿ ಗಾಳಿಯಲ್ಲಿ ಇರಲಿ. ಮುಂದಿನ ಕಾಲು ಇಟ್ಟು, ಮೈಯನ್ನೂ ಮುಂದಕ್ಕೆ ಬಗ್ಗಿಸಿ, ಜೋರಾಗಿ ತುಳಿ. ಹೆದರಿ ಹಿಂದಕ್ಕೆ ವಾಲಿದರೆ ಬೋರ್ಡ್ ಮುಂದೆ ಓಡುತ್ತದೆ, ನೀನು ಬೆನ್ನ ಮೇಲೆ ಬೀಳುತ್ತೀಯ. ಇದರಲ್ಲಿ ಅವಳಿಗೆ ಅರ್ಥವಾಗದ ಒಂದು ಮಾತೂ ಇರಲಿಲ್ಲ. ಆಲಿ ಹೊಡೆ, ಅಂದರೆ ಬೋರ್ಡ್ ಸಮೇತ ಮೇಲಕ್ಕೆ ಹಾರು, ಅಂದಾಗಲೂ ಅರ್ಥವಾಯಿತು. ಆಲಿ ಅನ್ನುವುದು ಅಲನ್ ಗೆಲ್ಫಂಡ್ ಎಂಬವನ ಅಡ್ಡಹೆಸರು. ಅದನ್ನು ಹೇಗೆ ಅನುವಾದ ಮಾಡುತ್ತೀರಿ?

ಕೋಥ್ರೂಡ್‌ನಿಂದ:

ಆಟ ಬಲ್ಲವರೆಲ್ಲ ಪದ ಕಟ್ಟಬಲ್ಲರು ಅಂತೇನಿಲ್ಲ ತಾಯಿ. ಇವತ್ತು ಬೋರ್ಡ್, ಪಾರ್ಕ್, ಬೋಲ್ ಮೂರನ್ನೂ ಬಿಟ್ಟುಕೊಟ್ಟರೆ ನಾಳೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ನಾನಿರುವ ಊರಿನಲ್ಲಿ ಮೇಯರ್‌ಗೆ ಮಹಾಪೌರ ಅನ್ನುತ್ತಾರೆ, ಸಿನಿಮಾ ಡೈರೆಕ್ಟರ್‌ಗೆ ದಿಗ್ದರ್ಶಕ ಅನ್ನುತ್ತಾರೆ. ಯಾರೋ ಕಟ್ಟಿದರು, ಪತ್ರಿಕೆಯವರು ಬಳಸಿದರು, ನಿಂತಿತು. ಮರಾಠಿಯವರಿಗೆ ಆದದ್ದು ನಮಗೆ ಯಾಕೆ ಆಗಬಾರದು?

ಮಾಟುಂಗಾದಿಂದ:

ಮಹಾಪೌರ, ದಿಗ್ದರ್ಶಕ ಎರಡೂ ಸಂಸ್ಕೃತ. ಮರಾಠಿಯವರೂ ಸಾಲವನ್ನೇ ತಂದರು, ಅಂಗಡಿ ಬೇರೆ, ಅಷ್ಟೇ. ಅದೇ ಪುಣೆಯ ಹುಡುಗರು ವಿಟಿದಾಂಡು, ಅಂದರೆ ನಮ್ಮ ಚಿನ್ನಿದಾಂಡು, ಆಡುವಾಗ ವಕಟ, ಲೇಂಡ, ಮುಂಡ, ನಾಲ ಎಂದು ಎಣಿಸುತ್ತಿದ್ದರು. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಅವು. ಆಟದ ಜೊತೆ ಅದರ ಮಾತೂ ಊರಿಂದೂರಿಗೆ ಹೋಗುತ್ತದೆ, ಅದರಿಂದ ಮರಾಠಿಗೆ ಏನೂ ಕಡಿಮೆಯಾಗಲಿಲ್ಲ. ಅರಿಸಮಾಸದ ವಿಷಯ: ಗಮಕ ಸಮಾಸ, ಕ್ರಿಯಾಸಮಾಸಗಳಿಗೆ ಆ ದೋಷ ಇಲ್ಲ ಎಂದು ಶಾಲೆಯಲ್ಲೇ ಓದಿದ್ದೇವೆ. ಅರ್ಧ ನಿಯಮ ಹೇಳಿ ಹೆದರಿಸಬೇಡಿ.

ಮೇಡಂ, ನಿಯಮಗಳನ್ನು ಮೋಟಾಗಿ ಇಡಿ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯಲ್ಲಿ 2015ರಲ್ಲಿ ಒಂದು ಸ್ಕೇಟ್‌ಪಾರ್ಕ್ ಆಯಿತು. ಅಲ್ಲಿನ ನಿಯಮಗಳು ಇಷ್ಟೇ ಉದ್ದ: ಶಾಲೆಗೆ ಹೋಗದಿದ್ದರೆ ಸ್ಕೇಟ್‌ಬೋರ್ಡ್ ಇಲ್ಲ. ಹುಡುಗಿಯರು ಮೊದಲು.

ಡೊಂಬಿವಲಿಯಿಂದ:

ಗಾಲಿಹಲಗೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮಡಗಾಂವ್‌ನಿಂದ:

ಉತ್ತರ ನಾನು ಕೊಡುತ್ತೇನೆ ಸರ್. ನೀವೆಲ್ಲ ಬರೆದದ್ದನ್ನು ಪ್ರಿಂಟ್ ತೆಗೆದುಕೊಂಡು ಸಂಜೆ ಅಲ್ಲಿಗೇ ಹೋದೆ. ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದ ರೋಣದ ಕಡೆಯ ಗೌಂಡಿಯೊಬ್ಬರಿಗೆ ಓದಿಸಿದೆ. ಗಾಲಿಹಲಗೆ ಅಂದರೆ ಏನು ಎಂದು ಕೇಳಿದ್ದಕ್ಕೆ, "ನಮ್ಮೂರಾಗ ಬೇರಿಂಗ್ ಗಾಡಿ ಮಾಡತಿದ್ವಲ್ರೀ, ಅದೇನ?" ಅಂದರು. ಗ್ಯಾರೇಜಿನಲ್ಲಿ ಬಿಸಾಡಿದ ಬೇರಿಂಗ್ ಮೂರು, ಒಂದು ಹಲಗೆ, ಮೇಲೆ ಕೂತು ಇಳಿಜಾರಿನಲ್ಲಿ ಬಿಡುವುದು. ಪದ ಅವರಿಗೆ ತಿಳಿಯಿತು, ಆದರೆ ತಿಳಿದದ್ದು ಬೇರೆ ಆಟ. ಆಡುಂಬೊಲವನ್ನು ಎರಡು ಸಲ ಓದಿ ಸುಮ್ಮನಾದರು. ಸ್ಕೇಟ್‌ಬೋರ್ಡ್ ಅಂದ ತಕ್ಷಣ ಮಗನ ಕೈಯಲ್ಲಿದ್ದುದನ್ನು ತೋರಿಸಿದರು. ಬೋಲ್‌ಗೆ ಮಾತ್ರ ಅವರೇ "ತಗ್ಗು ಅನ್ರಿ" ಅಂದರು. ಗುಂಡಿ ಅಂದರೆ ರಸ್ತೆ ಕೆಟ್ಟಿದೆ ಅಂದ ಹಾಗಾಗುತ್ತದಂತೆ.

ಹಾಗಾಗಿ ಬೋರ್ಡ್ ಹೀಗೆ:

ಸ್ಕೇಟ್‌ಬೋರ್ಡ್ ಪಾರ್ಕ್
ಹೆಲ್ಮೆಟ್ ಇಲ್ಲದೆ ಆಡಬೇಡಿ.
ತಗ್ಗಿನೊಳಗೆ ಒಂದು ಸಲಕ್ಕೆ ಒಬ್ಬರೇ ಇಳಿಯಿರಿ.
ಚಿಕ್ಕ ಮಕ್ಕಳನ್ನು ತಗ್ಗಿನ ಅಂಚಿನಲ್ಲಿ ನಿಲ್ಲಿಸಬೇಡಿ.
ನೆಲ ಒದ್ದೆ ಇದ್ದಾಗ ಆಟ ಇಲ್ಲ.

ಕೋಥ್ರೂಡ್ ರಾಯರಿಗೆ ಬೇಸರವಾಗುತ್ತದೆ ಎಂದು ಗೊತ್ತು. ಆದರೆ ನಾಲ್ಕು ನಿಯಮದಲ್ಲಿ ಹೆಲ್ಮೆಟ್ ಒಂದು ಬಿಟ್ಟರೆ ಹೊರಗಿನ ಪದ ಇಲ್ಲ, ನೋಡಿ. ಇನ್ನೊಂದು ಸಹಾಯ ಬೇಕು. ಪೇಂಟರ್‌ಗೆ ಕನ್ನಡ ಬರುವುದಿಲ್ಲ, ಅಕ್ಷರ ನೋಡಿ ಹಾಗೇ ಬಿಡಿಸುತ್ತಾನೆ. ನನ್ನ ಫೋನಿನಿಂದ ಕಳಿಸಿದರೆ ಟಕಾರದ ಕೆಳಗೆ ಬಕಾರದ ಒತ್ತು ಬಂದು ಕೂರುತ್ತಿದೆ. ಟ್ ಬೇರೆ, ಬೋ ಬೇರೆ ನಿಲ್ಲುವ ಹಾಗೆ ದೊಡ್ಡ ಅಕ್ಷರದಲ್ಲಿ ಯಾರಾದರೂ ಶುಕ್ರವಾರದೊಳಗೆ ಪಿಡಿಎಫ್ ಮಾಡಿ ಕಳಿಸಿ.