ಅಪ್‌ಡೇಟ್: ಗೊರಕೆ, ತೂಕ, ನನ್ನ ನಿದ್ದೆ

ಹೋದ ತಿಂಗಳು ಕೇಳಿದ್ದೆ: ಏಳು ತಿಂಗಳ ಗರ್ಭಿಣಿ, ಮೊದಲೇ ತೂಕ ಜಾಸ್ತಿ, ರಾತ್ರಿ ಜೋರು ಗೊರಕೆ, ಬೆಳಗ್ಗೆ ತಲೆನೋವು, ಇದು ಮಾಮೂಲಿನಾ ಅಂತ. ಸುಮ್ನೆ ಕೂರಬೇಡಿ, ಡಾಕ್ಟರಿಗೆ ಹೇಳಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಹೇಳಿದೆ. ಬಿಪಿ, ಶುಗರ್ ನೋಡಿದರು. ಆಮೇಲೆ ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ಟ್ಯೂಬ್ ಹಾಕಿಕೊಂಡು ಮನೆಯಲ್ಲೇ ಒಂದು ರಾತ್ರಿ ಪರೀಕ್ಷೆ. ಸ್ಲೀಪ್ ಅಪ್ನಿಯಾ ಅಂತೆ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ಆಗಾಗ ನಿಲ್ಲುತ್ತದೆ. ಹಾಗೇ ಬಿಟ್ಟರೆ ಬಿಪಿ ಏರಬಹುದು.

ಈಗ ಸಿಪ್ಯಾಪ್ ಮೆಷಿನ್, ಅಂದ್ರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲ ದಾರಿ ಮುಚ್ಚದಂತೆ ನೋಡಿಕೊಳ್ಳೋದು. ಮೊದಲ ಮೂರು ರಾತ್ರಿ ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟು ಅತ್ತಿದ್ದೆ. ನಾಲ್ಕನೇ ರಾತ್ರಿ ಎಡಕ್ಕೆ ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬಿಟ್ಟು ಮಲಗಿದೆ. ಐದು ಗಂಟೆ ಒಂದೇ ಸಮನೆ ನಿದ್ದೆ! ತೂಕ ಇಳಿಸೋಕೆ ಈಗ ಡಯಟ್ ಬೇಡ ಅಂದಿದ್ದಾರೆ. ಬೆಳಗಿನ ತಲೆನೋವು ಹೋಗಿದೆ.