ಗುಂಡನ ಎರಡನೇ ಕಣ್ಣೂ ಹೋಯಿತು, ಮೂಲೆ ಬಿಟ್ಟು ಏಳುತ್ತಿಲ್ಲ. ಏನು ಮಾಡಲಿ?

ಗುಂಡನ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡ ಕಾಕರ್ ಸ್ಪ್ಯಾನಿಯಲ್ ಜಾತಿಯ ನಾಯಿ, ಈಗ 10 ವರ್ಷ. ಹೋದ ವರ್ಷ ಫೆಬ್ರವರಿಯಲ್ಲಿ ಅವನ ಎಡಗಣ್ಣು ಕೆಂಪಾಯಿತು. ಧೂಳು ಬಿದ್ದಿರಬೇಕು ಅಂದುಕೊಂಡೆವು. ಇಲ್ಲೇ ಒಂದು ಕ್ಲಿನಿಕ್‌ನಲ್ಲಿ ಟಾರ್ಚ್ ಬಿಟ್ಟು ನೋಡಿ ಡ್ರಾಪ್ಸ್ ಬರೆದುಕೊಟ್ಟರು. ಕಣ್ಣಿನ ಒತ್ತಡ ಅಳೆಯಲಿಲ್ಲ, ಹಾಗೊಂದು ಅಳತೆ ಇದೆ ಅಂತ ನಮಗೂ ಗೊತ್ತಿರಲಿಲ್ಲ. ಐದನೇ ದಿನಕ್ಕೆ ಕಣ್ಣು ನೀಲಿ ಗೋಲಿಯ ಥರ ಊದಿಕೊಂಡಿತು. ರಾತ್ರೋರಾತ್ರಿ ಕಾರು ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಒತ್ತಡ 58 ಇತ್ತು, ಇದು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ, ಆ ಕಣ್ಣಿನ ನೋಟ ಹೋಗಿದೆ ಅಂದರು. ಕಣ್ಣು ತೆಗೆಸಿದೆವು.

ಅವತ್ತಿನಿಂದ ಬಲಗಣ್ಣಿಗೆ ದಿನಾ ಡ್ರಾಪ್ಸ್ ಹಾಕುತ್ತಿದ್ದೇನೆ, ಒಂದು ಹೊತ್ತೂ ತಪ್ಪಿಸಿಲ್ಲ. ತಂಗಿ ಮದುವೆ ದಿನ ಕೂಡ ಛತ್ರದಿಂದ ಮನೆಗೆ ಬಂದು ಹಾಕಿ ಹೋಗಿದ್ದೆ. ಆದರೂ ಹೋದ ಭಾನುವಾರ ಬೆಳಿಗ್ಗೆ ಎದ್ದವನು ನೇರವಾಗಿ ಬಂದು ಬಾಗಿಲ ಚೌಕಟ್ಟಿಗೆ ಹೊಡೆದುಕೊಂಡ. ಮತ್ತೆ ಬೆಂಗಳೂರು. ಒತ್ತಡ 46. ಔಷಧಿಯಿಂದ ಸ್ವಲ್ಪ ಇಳಿಯಿತು, ನೋಟ ಬರಲಿಲ್ಲ. ಈಗ ಈ ಕಣ್ಣನ್ನೂ ತೆಗೆಸಿ ಅನ್ನುತ್ತಿದ್ದಾರೆ.

ಆರು ದಿನದಿಂದ ಬೀರು ಮತ್ತು ಗೋಡೆ ಮಧ್ಯದ ಸಂದಿಯಲ್ಲಿ ಮಲಗಿದ್ದಾನೆ. ಕೈಯಲ್ಲಿ ಕೊಟ್ಟರೆ ಎರಡು ತುತ್ತು ಮೊಸರನ್ನ ನೆಕ್ಕುತ್ತಾನೆ, ಅಷ್ಟೇ. ಅಪ್ಪ ಅವನನ್ನು ಎತ್ತಿಕೊಂಡೇ ಹೊರಗೆ ಹೋಗಿ ಉಚ್ಚೆ ಮಾಡಿಸಿ, ಎತ್ತಿಕೊಂಡೇ ಬಂದು ಮಲಗಿಸುತ್ತಾರೆ. ಅಮ್ಮ ಅವನ ಮುಂದೆ ಕೂತು ಅಳುತ್ತಾಳೆ. ಪಕ್ಕದ ಮನೆಯವರು "ಯಾಕೆ ಅವನಿಗೆ ಹಿಂಸೆ, ಇಂಜೆಕ್ಷನ್ ಕೊಡಿಸಿಬಿಡಿ" ಅಂದರು. ಆ ಮಾತು ಕೇಳಿ ನಾನು ಬಚ್ಚಲಲ್ಲಿ ಹೋಗಿ ಅತ್ತೆ.

ಇದು ನೋವಾ, ದುಃಖವಾ? ಕಾಣದೇ ಇದ್ದರೂ ಕಣ್ಣು ಇರಲಿ ಅಂತ ಮನಸ್ಸು ಹೇಳುತ್ತಿದೆ. ಎರಡೂ ಕಣ್ಣಿಲ್ಲದ ಮುಖವನ್ನು ನೆನೆಸಿಕೊಳ್ಳಲೂ ಆಗುತ್ತಿಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಹಸಿರು ಗೇಟು, ಮೈಸೂರು

ನಾನು ಪಶುವೈದ್ಯೆ. ನಿಮ್ಮ ಗುಂಡನನ್ನು ನಾನು ನೋಡಿಲ್ಲ, ಹಾಗಾಗಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಬಲ್ಲೆ: ಬಹುಪಾಲು ನೋವು. ನಾಯಿಯ ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 25ರ ಒಳಗೆ ಇರಬೇಕು. 46 ಅಂದರೆ ತಲೆಯೊಳಗೆ ಸದಾ ಮೈಗ್ರೇನ್ ಇದ್ದ ಹಾಗೆ ಅಂದುಕೊಳ್ಳಿ. ನೋವಾದರೆ ನಾಯಿ ಕುಂಯ್‌ಗುಡುತ್ತದೆ ಅಂತ ನಾವು ಕಾಯುತ್ತೇವೆ, ಈ ನೋವಿಗೆ ಅವು ಸದ್ದೇ ಮಾಡುವುದಿಲ್ಲ. ಮಲಗಿಬಿಡುತ್ತವೆ, ಊಟ ಬಿಡುತ್ತವೆ, ತಲೆ ಸವರಲು ಹೋದರೆ ಹಿಂದೆ ಸರಿಯುತ್ತವೆ. ನೀವು ಬರೆದಿರುವುದು ಅದನ್ನೇ.

ಇನ್ನೊಂದು. ಕಾಕರ್‌ಗಳಿಗೆ ಈ ಕಾಯಿಲೆ ಹುಟ್ಟಿನಿಂದಲೇ ಬರುವ ಪ್ರವೃತ್ತಿ ಇದೆ. ಕಣ್ಣಿನೊಳಗೆ ಸದಾ ಹುಟ್ಟುವ ನೀರು ಹೊರಗೆ ಹರಿಯುವ ದಾರಿ ಕಟ್ಟಿಕೊಳ್ಳುತ್ತದೆ, ಒತ್ತಡ ಏರುತ್ತದೆ, ನರ ಸಾಯುತ್ತದೆ. ಒಂದು ಕಣ್ಣಿಗೆ ಬಂದರೆ ಇನ್ನೊಂದಕ್ಕೂ ಬಂದೇ ಬರುತ್ತದೆ ಅಂತಲೇ ನಾವು ಲೆಕ್ಕ ಹಾಕುವುದು. ಡ್ರಾಪ್ಸ್ ಅದನ್ನು ಮುಂದಕ್ಕೆ ಹಾಕುತ್ತದೆ, ತಡೆಯುವುದಿಲ್ಲ. ಏನೂ ಹಾಕದಿದ್ದರೆ ಎಷ್ಟೋ ನಾಯಿಗಳಿಗೆ ಎಂಟು ತಿಂಗಳಲ್ಲೇ ಎರಡನೇ ಕಣ್ಣು ಹೋಗುತ್ತದೆ. ಅವನು ಒಂದು ವರ್ಷಕ್ಕಿಂತ ಜಾಸ್ತಿ ನಿಮ್ಮ ಮುಖ ನೋಡಿದ್ದಾನೆ. ಆ ದಿನಗಳನ್ನು ಕೊಟ್ಟದ್ದು ನೀವು ಹಾಕಿದ ಡ್ರಾಪ್ಸ್.

ಕಾಣದ ಕಣ್ಣು ನೋಯುತ್ತಿದ್ದರೆ ತೆಗೆಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಳಗೆ ಸಿಲಿಕೋನ್ ಗುಂಡು ಇಡುವ ವಿಧಾನವೂ ಇದೆ, ಅದರಲ್ಲಿ ಮುಖ ಬಹುಮಟ್ಟಿಗೆ ಮೊದಲಿನ ಹಾಗೇ ಕಾಣುತ್ತದೆ. ಆದರೆ ಮುಖ ಹೇಗೆ ಕಾಣುತ್ತದೆ ಅನ್ನುವ ಚಿಂತೆ ನಮ್ಮದು, ನಾಯಿಯದಲ್ಲ. 10 ವರ್ಷದವನಿಗೆ ಅನಸ್ತೇಷಿಯಾ ಕೊಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಹೃದಯ ನೋಡಿಸಿ. ಆಪರೇಷನ್ ಆದ ಮೇಲೆ ಒಂದೆರಡು ದಿನ ಮೂಗಿನಿಂದ ರಕ್ತ ಬೆರೆತ ನೀರು ಸ್ವಲ್ಪ ಬರಬಹುದು, ಕಣ್ಣಿಂದ ಮೂಗಿಗೆ ಒಂದು ಸಣ್ಣ ದಾರಿ ಇರುತ್ತದೆ, ಗಾಬರಿ ಬೇಡ. ಜಾಸ್ತಿ ಬಂದರೆ ಫೋನ್ ಮಾಡಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ತೆಗೆಯಬೇಡಿ. ಅಯ್ಯೋ ಪಾಪ ಅಂತ ರಾತ್ರಿ ತೆಗೆದು, ಬೆಳಿಗ್ಗೆ ಹೊಲಿಗೆ ಕಿತ್ತುಕೊಂಡು ಬಂದವರನ್ನು ತುಂಬಾ ಜನರನ್ನು ನೋಡಿದ್ದೇನೆ.

ಆಪರೇಷನ್ ಆಗುವವರೆಗೆ ಕೊರಳಪಟ್ಟಿಗೆ ಹಗ್ಗ ಕಟ್ಟಿ ಎಳೆಯಬೇಡಿ, ಕುತ್ತಿಗೆ ಒತ್ತಿದರೆ ಕಣ್ಣಿನ ಒತ್ತಡ ಏರುತ್ತದೆ. ಎದೆಗೆ ಹಾಕುವ ಹಾರ್ನೆಸ್ ತನ್ನಿ. ಮನೆಯಲ್ಲಿ ಅಜ್ಜಿಯ ಪೊರೆ ಆಪರೇಷನ್ನಿನ ಡ್ರಾಪ್ಸ್ ಉಳಿದಿದ್ದರೆ ಅದನ್ನಂತೂ ಹಾಕಲೇಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಕಣ್ಣಲ್ಲಿ ಹುಣ್ಣು ಇದ್ದರೆ ಕಣ್ಣೇ ತೂತಾಗಬಹುದು.

ರಾಣಿ ಅಪ್ಪ, ಹುಬ್ಬಳ್ಳಿ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ರಾಣಿ ಪಗ್, ನಾಲ್ಕು ವರ್ಷದಿಂದ ಎರಡೂ ಕಣ್ಣಿಲ್ಲ. ಎರಡನೇ ಆಪರೇಷನ್ ಆಗಿ ಐದನೇ ದಿನಕ್ಕೆ ಕೋನ್ ಹಾಕಿಕೊಂಡೇ ಚೆಂಡು ಹುಡುಕಿದಳು. ತಿಂಗಳುಗಟ್ಟಲೆ ಚೆಂಡು ಮುಟ್ಟಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆವು, ಅದು ನೋವಾಗಿತ್ತು.

ಅಕ್ಕಾ, ನಿಮ್ಮ ಅಪ್ಪನಿಗೆ ದಯವಿಟ್ಟು ಹೇಳಿ, ಅವನನ್ನು ಎತ್ತಿಕೊಂಡು ತಿರುಗುವುದು ನಿಲ್ಲಿಸಲಿ. ನಾನೂ ಅದೇ ತಪ್ಪು ಮಾಡಿದೆ. ಕುರುಡು ನಾಯಿ ಮನೆಯನ್ನು ಹೆಜ್ಜೆಯಲ್ಲಿ ಎಣಿಸಿಕೊಳ್ಳುತ್ತದೆ. ಇಲ್ಲಿಂದ ಎತ್ತಿ ಅಲ್ಲಿ ಇಳಿಸಿದರೆ ಅದಕ್ಕೆ ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ, ಆಗ ನಿಂತಲ್ಲೇ ಕೂತುಬಿಡುತ್ತದೆ. ಎತ್ತಲೇಬೇಕಾದರೆ ಪ್ರತಿ ಸಲ ಒಂದೇ ಜಾಗದಲ್ಲಿ ಇಳಿಸಿ. ನಮ್ಮ ಮನೆಯಲ್ಲಿ ಅದು ನೀರಿನ ಬಟ್ಟಲಿನ ಪಕ್ಕ. ಕಾಲಿಗೆ ಆ ಜಾಗ ಸಿಕ್ಕಿತು ಅಂದರೆ ಉಳಿದ ಮನೆಯೆಲ್ಲ ಅವಳ ತಲೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಮೊದಲ ವಾರ ಒಂದೇ ಕೋಣೆ ಸಾಕು. ಹಾಸಿಗೆ, ನೀರು, ಊಟ ಎಲ್ಲ ಅಲ್ಲೇ. ಆಮೇಲೆ ಹಗ್ಗ ಹಿಡಿದು ಕೋಣೆಯಿಂದ ಬಾಗಿಲಿಗೆ, ಬಾಗಿಲಿಂದ ಅಂಗಳಕ್ಕೆ, ದಿನಾ ಅದೇ ದಾರಿ. ಮೆಟ್ಟಿಲ ಮುಂದೆ, ಹೊಸ್ತಿಲ ಮುಂದೆ ತೆಂಗಿನ ನಾರಿನ ಕಾಲೊರಸು ಹಾಕಿ. ಪಾದಕ್ಕೆ ನಾರು ಚುಚ್ಚಿದ ತಕ್ಷಣ ಮುಂದೆ ಮೆಟ್ಟಿಲೋ ಹೊಸ್ತಿಲೋ ಇದೆ ಅಂತ ಕಲಿಯುತ್ತಾನೆ, ರಾಣಿ ಮೂರು ದಿನದಲ್ಲಿ ಕಲಿತಳು. ಮೆಟ್ಟಿಲು ಬಂದಾಗ "ಹತ್ತು", "ಇಳಿ", ಗೋಡೆ ಬಂದಾಗ "ತಡಿ" ಅಂತ ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಒಬ್ಬರು "ನಿಲ್ಲು", ಇನ್ನೊಬ್ಬರು "ಸ್ಟಾಪ್" ಅಂದರೆ ಕೆಲಸ ಕೆಡುತ್ತದೆ. ಮೈ ಮುಟ್ಟುವ ಮೊದಲು ಹೆಸರು ಕರೆಯಿರಿ. ಕುರ್ಚಿ ಎಳೆದರೆ ಮತ್ತೆ ಒಳಗೆ ತಳ್ಳಿ, ಚಪ್ಪಲಿ ದಾರಿಯಲ್ಲಿ ಬಿಡಬೇಡಿ.

ಪಕ್ಕದ ಮನೆಯವರ ಮಾತು ಬಿಡಿ. ಅವರು ಗುಂಡನನ್ನು ನೋಡಿದ್ದು ಗೇಟಿನಾಚೆಯಿಂದ.

ತೋಟದ ಮನೆ, ತೀರ್ಥಹಳ್ಳಿ

ಮಗಾ, ನನಗೆ ಅರವತ್ತೆಂಟು. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನಮ್ಮ ಕರಿಯ ಊರ ನಾಯಿ. ಉಣ್ಣಿ ಜ್ವರ ಬಂದು ಕಣ್ಣೊಳಗೆ ರಕ್ತ ಇಳಿದು ನಾಲ್ಕೇ ದಿನದಲ್ಲಿ ನೋಟ ಹೋಯಿತು. ಜ್ವರ ವಾಸಿಯಾಯಿತು, ಕಣ್ಣು ಬರಲಿಲ್ಲ. ನಾವು ಅದರ ಜೊತೆಯ ನಾಯಿಯ ಕೊರಳಿಗೆ ಕರುವಿನ ಗೆಜ್ಜೆ ಕಟ್ಟಿದೆವು. ಗೆಜ್ಜೆ ಸದ್ದಿನ ಹಿಂದೆ ಕರಿಯ ಇಡೀ ತೋಟ ಸುತ್ತುತ್ತಿತ್ತು, ಅಡಿಕೆ ಮರಕ್ಕೆ ಒಂದು ಸಲವೂ ತಾಗುತ್ತಿರಲಿಲ್ಲ. ನಿಮ್ಮಲ್ಲಿ ಬೇರೆ ನಾಯಿ ಇಲ್ಲದಿದ್ದರೆ ನೀನೇ ಕಾಲಿಗೆ ಗೆಜ್ಜೆ ಹಾಕಿಕೋ. ಬಾವಿಗೆ, ಗೊಬ್ಬರದ ಗುಂಡಿಗೆ ಮಾತ್ರ ಬೇಲಿ ಹಾಕಿಸಬೇಕು.

ಅಮ್ಮನಿಗೆ ಹೇಳು, ಅವನ ಮುಂದೆ ಅಳಬಾರದು. ಕಣ್ಣು ಕಾಣದಿದ್ದರೆ ಕಿವಿ ನಮ್ಮ ಮೇಲೇ ಇರುತ್ತದೆ. ಅನ್ನ ಕಲಸುವಾಗ ಮೊದಲು ಹೇಗೆ ಮಾತಾಡುತ್ತಿದ್ದಳೋ ಹಾಗೇ ಮಾತಾಡಲಿ.

ರಾಣಿ ಅಪ್ಪ, ಹುಬ್ಬಳ್ಳಿ

ಅಮ್ಮಾ, ಗೆಜ್ಜೆಯ ಮಾತು ತುಂಬಾ ಚೆನ್ನಾಗಿದೆ. ಒಂದು ಮರೆತಿದ್ದೆ: ಜಾಗ ಗುರುತಿಸಲಿ ಅಂತ ಕೆಲವರು ವಾಸನೆ ಹಚ್ಚುತ್ತಾರೆ. ಕರ್ಪೂರ, ನೀಲಗಿರಿ ಎಣ್ಣೆ ಹಚ್ಚಬೇಡಿ, ನೆಕ್ಕಿದರೆ ನಾಯಿಗೆ ವಿಷ. ನಾನು ಹಾಸಿಗೆಯ ಹತ್ತಿರ ನನ್ನ ಹಳೆಯ ಬನಿಯನ್ ಇಟ್ಟಿದ್ದೆ, ಸಾಕಾಯಿತು.

ಗುಂಡನ ಅಕ್ಕ, ದಾವಣಗೆರೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಉತ್ತರಗಳನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದ ಮರುದಿನವೇ ಆಪರೇಷನ್‌ಗೆ ದಿನ ಗೊತ್ತು ಮಾಡಿದೆವು. ರಕ್ತ ಪರೀಕ್ಷೆ, ಹೃದಯ ಎಲ್ಲ ಸರಿ ಇತ್ತು. ಮೂಗಿನಿಂದ ರಕ್ತದ ನೀರು ಬಂದಾಗ ಅಮ್ಮ ಕೂಗಿಕೊಂಡಳು, ನಾನು ಮಾತ್ರ ಮೇಡಂ ಬರೆದಿದ್ದನ್ನು ನೆನೆಸಿಕೊಂಡು ಸುಮ್ಮನೆ ಒರೆಸಿದೆ.

ಮೊದಲ ಎರಡು ದಿನ ಬರೀ ನಿದ್ದೆ. ಮೂರನೇ ದಿನ ತಲೆಯನ್ನು ನನ್ನ ಮಂಡಿಗೆ ಒತ್ತಿದ. ತಲೆ ಮುಟ್ಟಿಸಿಕೊಂಡು ಎಷ್ಟು ದಿನ ಆಗಿತ್ತು ಅಂತ ಆಗ ನೆನಪಾಯಿತು. ಹೊಲಿಗೆ ಬಿಚ್ಚಿದ್ದಾರೆ. ಕೋನ್ ಇದ್ದಾಗ ಅದರ ಅಂಚೇ ಅವನಿಗೆ ಕೋಲಿನ ಹಾಗೆ ಆಗಿತ್ತು, ಮೊದಲು ಅದು ಗೋಡೆಗೆ ತಾಗುತ್ತಿತ್ತು, ಅವನು ತಿರುಗುತ್ತಿದ್ದ. ತೆಗೆದ ಮೇಲೆ ಎರಡು ದಿನ ಮೂಗು ಹೊಡೆದುಕೊಂಡ, ಈಗ ನಿಧಾನ ಕಲಿತಿದ್ದಾನೆ. ಅಪ್ಪ ಊರೆಲ್ಲ ಹುಡುಕಿ ಮೂರು ನಾರಿನ ಕಾಲೊರಸು ತಂದಿದ್ದಾರೆ. ನನ್ನ ಕಾಲಲ್ಲಿ ಗೆಜ್ಜೆ ಇದೆ. ಆಫೀಸಿಗೂ ಅದರಲ್ಲೇ ಹೋಗುತ್ತೇನೆ, ಸಂಜೆ ರಸ್ತೆ ತಿರುವಿನಲ್ಲೇ ಅವನಿಗೆ ಗೊತ್ತಾಗಲಿ ಅಂತ.

ಮುಖದ ಬಗ್ಗೆ ಅಷ್ಟು ಹೆದರಿದ್ದೆ. ಕೂದಲು ಬರುತ್ತಿದೆ, ಎರಡು ಕಡೆ ಸಣ್ಣ ಗುಳಿ, ಕಣ್ಣು ಮುಚ್ಚಿ ಮಲಗಿದ ಗುಂಡನೇ. ಇವತ್ತು ಬೆಳಿಗ್ಗೆ ಹಾಲಿನವನ ಸೈಕಲ್ ಬೆಲ್ ಕೇಳಿ ಒಬ್ಬನೇ ಎದ್ದು, ಕಾಲೊರಸಿನ ಮೇಲೆ ಒಂದು ಕ್ಷಣ ನಿಂತು, ಎರಡು ಮೆಟ್ಟಿಲು ಇಳಿದು ಗೇಟಿನ ತನಕ ಹೋಗಿ ಬೊಗಳಿದ. ಅಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು, ಅವನಿಗೆ ಕೇಳಿಸಬಾರದು ಅಂತ ಬಾಯಿಗೆ ಸೆರಗು ಒತ್ತಿಕೊಂಡು.