ಓದುಗರ ಸ್ಪಂದನ: ನೋವು ಹೋಯಿತು, ಸ್ಪರ್ಶವೂ ಹೋಯಿತೇ?

ಸಮಸ್ಯೆ: ಕಿಬ್ಬೊಟ್ಟೆಯ ಹಳೆಯ ನೋವಿಗೆ ನರ್ವ್ ಬ್ಲಾಕ್ (ನೋವು ಒಯ್ಯುವ ನರವನ್ನು ತಡೆಯುವ) ಚುಚ್ಚುಮದ್ದು ಹಾಕಿಸಿಕೊಂಡೆ. ನೋವೇನೋ ಇಳಿದಿದೆ. ಆದರೆ ಮೂರು ವಾರವಾದರೂ ಜನನಾಂಗದಲ್ಲಿ ಸ್ಪರ್ಶ ಮಂದವಾಗಿದೆ, ನಿಮಿರುವಿಕೆ ಉಳಿಯುತ್ತಿಲ್ಲ. ಹೆಂಡತಿಗೂ ಹೇಳಿಲ್ಲ. ಇದು ಶಾಶ್ವತವೇ?

* * *

ನನಗೂ ಜನನಾಂಗದ ಸ್ಪರ್ಶ ಒಯ್ಯುವ ಪುಡೆಂಡಲ್ ನರಕ್ಕೆ ಬ್ಲಾಕ್ ಆಗಿತ್ತು. ಅಂದು ಸಂಜೆಯವರೆಗೆ ಕುಳಿತ ಕುರ್ಚಿಯೇ ತಿಳಿಯಲಿಲ್ಲ. ಮರುದಿನ ಸ್ಪರ್ಶ ಮರಳಿತು. ಆದರೂ ಹಾಸಿಗೆಯಲ್ಲಿ ಸೋಲು ಮುಂದುವರಿಯಿತು. ತಿಂಗಳುಗಟ್ಟಲೆ ಸೂಜಿಯನ್ನು ಶಪಿಸಿದೆ. ಕೊನೆಗೆ ನೋಡಿದರೆ, ಅದೇ ವಾರ ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆಯ ಪ್ರಮಾಣ ಏರಿಸಿದ್ದರು. ವೈದ್ಯರು ಅದನ್ನು ಹಂತಹಂತವಾಗಿ ಇಳಿಸಿದ ಮೇಲೆ ಸುಧಾರಿಸಿತು. ನಿಮ್ಮ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.
— ಅನುಭವಸ್ಥ

* * *

ಅರಿವಳಿಕೆ ವಿಭಾಗದಲ್ಲಿ ಬಹುಕಾಲ ದುಡಿದವಳು ನಾನು. ‘ಬ್ಲಾಕ್’ ಎಂಬ ಒಂದೇ ಹೆಸರಿನಲ್ಲಿ ಹಲವು ಚಿಕಿತ್ಸೆಗಳಿವೆ. ಬರೀ ಅರಿವಳಿಕೆ ಮದ್ದಾದರೆ ಜೋಮು ಸಾಮಾನ್ಯವಾಗಿ ಕೆಲವು ಗಂಟೆಗಳದು, ಹೆಚ್ಚೆಂದರೆ ಒಂದೆರಡು ದಿನದ್ದು. ಆಲ್ಕೊಹಾಲ್ ಅಥವಾ ಫೀನಾಲ್‌ನಿಂದ ನರವನ್ನು ನಿಷ್ಕ್ರಿಯಗೊಳಿಸಿದ್ದರೆ, ಇಲ್ಲವೇ ರೇಡಿಯೊ ತರಂಗದಿಂದ ಸುಟ್ಟಿದ್ದರೆ ಪರಿಣಾಮ ತಿಂಗಳುಗಟ್ಟಲೆ ಇರಬಹುದು. ನರವೂ ಮುಖ್ಯ. ಜನನಾಂಗದ ಸ್ಪರ್ಶವನ್ನು ಒಯ್ಯುವುದು ಬೆನ್ನುಹುರಿಯ ತುದಿಭಾಗದಿಂದ ಹೊರಡುವ ಪುಡೆಂಡಲ್ ನರ. ಅದನ್ನು ತಡೆದರೆ ಮಂದವಾಗುವುದು ಸಹಜ. ಹೊಟ್ಟೆಯ ಕೆಳಭಾಗದ ಹೈಪೊಗ್ಯಾಸ್ಟ್ರಿಕ್ ನರಜಾಲವನ್ನು ಮುಟ್ಟಿದರೆ ನಿಮಿರುವಿಕೆ ಇದ್ದೂ ಸ್ಖಲನ ಕೆಡಬಹುದು, ವೀರ್ಯ ಹೊರಬಾರದೆ ಮೂತ್ರಕೋಶಕ್ಕೆ ಹಿಂದಿರುಗಬಹುದು. ಆದ್ದರಿಂದ ಯಾವ ನರ, ಯಾವ ಮದ್ದು ಎಂದು ಬಿಡುಗಡೆ ಪತ್ರದಲ್ಲಿ ನೋಡಿ, ಇಲ್ಲವೇ ಕೇಳಿ ಬರೆಸಿಕೊಳ್ಳಿ. ಅದು ತಿಳಿಯದೆ ‘ಶಾಶ್ವತವೇ’ ಎಂಬುದಕ್ಕೆ ಉತ್ತರಿಸುವವರು ಊಹಿಸುತ್ತಿದ್ದಾರೆ ಅಷ್ಟೇ. ನಿಮಗೆ ಬರೀ ಅರಿವಳಿಕೆ ಮದ್ದು ಕೊಟ್ಟಿದ್ದರೆ ಮೂರು ವಾರ ತೀರಾ ಹೆಚ್ಚಾಯಿತು. ಮುಂದಿನ ಭೇಟಿಯವರೆಗೆ ಕಾಯದೆ ಹೋಗಿ. ಮೂತ್ರ ಕಟ್ಟಿಕೊಂಡರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹರಡಿದರೆ ಅದೇ ದಿನ ತುರ್ತು ವಿಭಾಗಕ್ಕೆ ಧಾವಿಸಿ.

ಅಂದಹಾಗೆ, ಈ ಸಂಗತಿಯನ್ನು ಸಹಿ ಹಾಕಿಸಿಕೊಳ್ಳುವ ಮುನ್ನವೇ ನಿಮಗೆ ಹೇಳಬೇಕಿತ್ತು. ಹೇಳುವವರಿಗೂ ನಾಚಿಕೆ, ಕೇಳುವವರಿಗೂ ನಾಚಿಕೆ!
— ನಿವೃತ್ತ ದಾದಿ

* * *

ನಮ್ಮ ಯಜಮಾನರು ಇದನ್ನೇ ನಾಲ್ಕು ತಿಂಗಳು ಮುಚ್ಚಿಟ್ಟಿದ್ದರು. ಅಷ್ಟೂ ದಿನ ನಾನು ಕನ್ನಡಿಯನ್ನು ದೂರುತ್ತಿದ್ದೆ. ಬಾಯಿಬಿಟ್ಟು ಹೇಳುವುದು ಕಷ್ಟವಾದರೆ, ಈ ಪುಟವನ್ನು ಮನೆಯವರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಬಿಟ್ಟು ಹೋಗಿ.
— ಒಬ್ಬ ಹೆಂಡತಿ